ಬಿಳಿ ಹಾಸು, ಕಾಣದ ಕೊಳೆ: ಆಸ್ಪತ್ರೆ ಬಟ್ಟೆಯ ಗುತ್ತಿಗೆಯನ್ನು ಕಾಯುವವರು ಯಾರು?

2008ರ ಆಗಸ್ಟ್‌ನಿಂದ 2009ರ ಜುಲೈವರೆಗೆ ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದ ಮಕ್ಕಳ ಆಸ್ಪತ್ರೆಯಲ್ಲಿ ಐದು ಮಕ್ಕಳಿಗೆ ಚರ್ಮದ ಮ್ಯೂಕರ್‌ಮೈಕೋಸಿಸ್ ತಗುಲಿತು. ರೈಜೋಪಸ್ ಎಂಬ ಬೂಷ್ಟು ಅದಕ್ಕೆ ಕಾರಣ. ಗಾಳಿಯಲ್ಲಿ, ಮಣ್ಣಿನಲ್ಲಿ ಎಲ್ಲೆಲ್ಲೂ ಇರುವ ಈ ಬೂಷ್ಟಿನ ಕಣಗಳು ಆರೋಗ್ಯವಂತರ ಮೈಮೇಲೆ ಬಿದ್ದರೆ ಏನೂ ಆಗುವುದಿಲ್ಲ. ಆದರೆ ಈ ಮಕ್ಕಳು ಮೊದಲೇ ಬೇರೆ ಬೇರೆ ಕಾಯಿಲೆಗಳಿಂದ ಸೊರಗಿದ್ದವರು. ಐವರಲ್ಲಿ ಒಬ್ಬರೂ ಉಳಿಯಲಿಲ್ಲ.

ತನಿಖೆಗೆ ಕೂತವರು ಮಕ್ಕಳನ್ನು ಮುಟ್ಟಿದ ಒಂದೊಂದು ವಸ್ತುವನ್ನೂ ತಾಳೆ ನೋಡುತ್ತಾ ಹೋದರು. ಐವರಿಗೂ ಸಮಾನವಾಗಿ ತಗುಲಿದ್ದ ವಸ್ತು ಒಂದೇ ಒಂದು: ಹಾಸಿಗೆಗೆ ಹಾಸಿದ, ಹೊದೆಸಿದ, ಒಗೆದು ತಂದಿದ್ದ ಬಟ್ಟೆ. ಒಗೆದ ಬಟ್ಟೆ ಮತ್ತು ಅದನ್ನಿಡುವ ಜಾಗಗಳಿಂದ ತೆಗೆದ 62 ಮಾದರಿಗಳಲ್ಲಿ 26ರಲ್ಲಿ ರೈಜೋಪಸ್ ಸಿಕ್ಕಿತು. ಬಟ್ಟೆಗೆ ಸಂಬಂಧವಿಲ್ಲದ 25 ಮಾದರಿಗಳಲ್ಲಿ ಸಿಕ್ಕಿದ್ದು ಒಂದರಲ್ಲಿ ಮಾತ್ರ. ಬಟ್ಟೆ ಹೊರಗಿನ ಲಾಂಡ್ರಿಯಿಂದ ಬರುತ್ತಿತ್ತು. ನೋಡಲು ಶುಭ್ರವಾಗಿಯೇ ಇತ್ತು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಮಾತನ್ನು ನಾವು ಮನುಷ್ಯರ ಬಗ್ಗೆ ಹೇಳುತ್ತೇವೆ; ಆಸ್ಪತ್ರೆಯ ಹಾಸಿಗೆಯ ವಿಷಯದಲ್ಲಿ ಅದು ಅಕ್ಷರಶಃ ನಿಜ.

ಅದು ಸರ್ಕಾರ ನಡೆಸುವ ಆಸ್ಪತ್ರೆಯಲ್ಲ. ಸಾರ್ವಜನಿಕ ಆಸ್ಪತ್ರೆಯ ಉದಾಹರಣೆ ಬೇಕೆಂದರೆ ಹಾಂಗ್‌ಕಾಂಗ್‌ಗೆ ಹೋಗಬೇಕು. 2015ರಲ್ಲಿ ಅಲ್ಲಿನ ಕ್ವೀನ್ ಮೇರಿ ಆಸ್ಪತ್ರೆಯಲ್ಲಿ ರೋಗನಿರೋಧಕ ಶಕ್ತಿ ಕುಂದಿದ್ದ ಆರು ರೋಗಿಗಳಿಗೆ ಇದೇ ಕುಟುಂಬದ ಬೂಷ್ಟಿನ ಸೋಂಕು ತಗುಲಿತು. ಜಾಡು ಹಿಡಿದು ಹೋದಾಗ ಅದು ಲಾಂಡ್ರಿಯ ಬಾಗಿಲಿಗೆ ಮುಟ್ಟಿತು. ಆಗಷ್ಟೇ ಒಗೆದು ಬಂದಿದ್ದ, ಇನ್ನೂ ಯಾರ ಮೈಗೂ ತಾಗದ ಬಟ್ಟೆಯಲ್ಲಿಯೇ ಬೂಷ್ಟಿತ್ತು. ಒಗೆತದ ಬಿಸಿ ಸಾಲದಾಗಿತ್ತು, ಲಾಂಡ್ರಿಯೊಳಗೆ ತೇವ ಮತ್ತು ದೂಳು ತುಂಬಿತ್ತು, ಬಟ್ಟೆಯನ್ನು ಗಾಳಿಯಾಡದ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಡಲಾಗುತ್ತಿತ್ತು. ಪ್ಲಾಸ್ಟಿಕ್ ಹೊದಿಕೆ ಶುಚಿತ್ವದ ಗುರುತೆಂದು ನಾವೆಲ್ಲ ನಂಬಿದ್ದೇವೆ. ಪೂರ್ತಿ ಒಣಗದ ಬಟ್ಟೆಗೆ ಅದೇ ಹೊದಿಕೆ ಬೂಷ್ಟು ಬೆಳೆಯುವ ತೊಟ್ಟಿಲಾಗುತ್ತದೆ.

ಈ ಎರಡು ಘಟನೆಗಳನ್ನು ಮುಂದಿಟ್ಟುಕೊಂಡು ಒಂದು ಪ್ರಶ್ನೆ ಕೇಳಬೇಕಿದೆ. ಸಾರ್ವಜನಿಕ ಆಸ್ಪತ್ರೆಗಳು ಬಟ್ಟೆ ಒಗೆಯುವ ಕೆಲಸವನ್ನು ಹೊರಗುತ್ತಿಗೆಗೆ ಕೊಟ್ಟಾಗ, ಸರ್ಕಾರದ ಮೇಲ್ವಿಚಾರಣೆ ನಿಜಕ್ಕೂ ಏನನ್ನು ನೋಡುತ್ತಿರುತ್ತದೆ? ನನ್ನ ಉತ್ತರ: ಬಹುಪಾಲು ಕಡೆ ಅದು ತಪ್ಪು ತುದಿಯನ್ನು ನೋಡುತ್ತಿರುತ್ತದೆ. ಎಷ್ಟು ಬಟ್ಟೆ ಹೋಯಿತು, ಎಷ್ಟು ಬಂತು, ಬಿಲ್ಲಿನ ಮೊತ್ತ ಕರಾರಿಗೆ ಹೊಂದುತ್ತದೆಯೇ ಎಂಬ ಮೂರನ್ನು ನೋಡಿ ಕಡತ ಮುಚ್ಚುತ್ತದೆ. ಬಟ್ಟೆ ಶುದ್ಧವಾಗುವುದು, ಇಲ್ಲವೇ ಆಗದೆ ಉಳಿಯುವುದು ಈ ಮೂರರ ನಡುವೆ, ಯಾರೂ ಹೋಗಿ ನೋಡದ ಒಂದು ಶೆಡ್ಡಿನಲ್ಲಿ.

ಗುತ್ತಿಗೆ ಬಂದ ದಾರಿ

ಆಸ್ಪತ್ರೆಗಳಿಗೆ ಹಿಂದೆ ತಮ್ಮದೇ ಲಾಂಡ್ರಿ ಇರುತ್ತಿತ್ತು. ಬಾಯ್ಲರ್, ಹಬೆಯ ಪೈಪು, ದೊಡ್ಡ ಉರುಳೆ ಯಂತ್ರ, ಸಂಬಳದ ನೌಕರರು. ಯಂತ್ರ ಹಳತಾದಾಗ ಹೊಸದಕ್ಕೆ ದೊಡ್ಡ ಮೊತ್ತ ಬೇಕು. ಸ್ಕ್ಯಾನಿಂಗ್ ಯಂತ್ರವೋ ಒಗೆಯುವ ಯಂತ್ರವೋ ಎಂಬ ಆಯ್ಕೆ ಬಂದಾಗ ಯಾವ ಆಡಳಿತಾಧಿಕಾರಿಯೂ ಎರಡನೆಯದನ್ನು ಆರಿಸುವುದಿಲ್ಲ. ಹೀಗೆ ಲಾಂಡ್ರಿ ಹಿಂದೆ ಬಿದ್ದು, ಹಾಳಾಗಿ, ಕೊನೆಗೆ ಹೊರಗೆ ಹೋಯಿತು. ಬ್ರಿಟನ್ನಿನಲ್ಲಿ 1983ರಲ್ಲಿ ಸರ್ಕಾರವೇ ಸುತ್ತೋಲೆ ಹೊರಡಿಸಿ, ರಾಷ್ಟ್ರೀಯ ಆರೋಗ್ಯ ಸೇವೆಯ ಆಸ್ಪತ್ರೆಗಳು ಸ್ವಚ್ಛತೆ, ಅಡುಗೆ ಮತ್ತು ಲಾಂಡ್ರಿ ಕೆಲಸಗಳಿಗೆ ಪೈಪೋಟಿಯ ಟೆಂಡರ್ ಕರೆಯಬೇಕೆಂದಿತು. ಕೆನಡಾದ ಕ್ಯಾಲ್ಗರಿಯಲ್ಲಿ 1995ರ ನವೆಂಬರ್‌ನಲ್ಲಿ, ಅದಾಗಲೇ ಸಂಬಳ ಕಡಿತ ಒಪ್ಪಿಕೊಂಡಿದ್ದ ಆಸ್ಪತ್ರೆ ಲಾಂಡ್ರಿ ನೌಕರರು ತಮ್ಮ ಕೆಲಸ ಖಾಸಗಿಗೆ ಹೋಗುತ್ತದೆಂದು ತಿಳಿದು ದಿಢೀರನೆ ಮುಷ್ಕರ ಹೂಡಿದರು. ಸರ್ಕಾರ ಕೆಲಕಾಲ ಹಿಂದೆ ಸರಿಯಬೇಕಾಯಿತು. ಅದೇ ದೇಶದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯ 2002ರಲ್ಲಿ ಇಂಥ ಕೆಲಸಗಳ ಹೊರಗುತ್ತಿಗೆಗೆ ದಾರಿ ಮಾಡುವ ಕಾನೂನು ತಂದಿತು, 2007ರಲ್ಲಿ ಕೆನಡಾದ ಸುಪ್ರೀಂ ಕೋರ್ಟ್ ಅದರ ಕೆಲವು ಭಾಗಗಳನ್ನು ರದ್ದು ಮಾಡಿತು.

ಹೊರಗುತ್ತಿಗೆಯೇ ಕೆಟ್ಟದ್ದು, ಸ್ವಂತ ಲಾಂಡ್ರಿಯೇ ಒಳ್ಳೆಯದು ಎಂದು ವಾದಿಸುವುದು ಸುಲಭ. ಆದರೆ ಸತ್ಯ ಅಷ್ಟು ನೆಟ್ಟಗಿಲ್ಲ. ಜರ್ಮನಿಯ ಒಂದು ಮಕ್ಕಳ ಆಸ್ಪತ್ರೆಯಲ್ಲಿ 2012–13ರ ಅವಧಿಯಲ್ಲಿ ನವಜಾತ ಶಿಶುಗಳ ಮೈಮೇಲೆ ಔಷಧಕ್ಕೆ ಬಗ್ಗದ ಕ್ಲೆಬ್ಸಿಯೆಲ್ಲಾ ಬ್ಯಾಕ್ಟೀರಿಯಾ ಮತ್ತೆ ಮತ್ತೆ ಕಾಣಿಸಿಕೊಂಡಿತು. ಮೂಲ ಹುಡುಕಿದರೆ ಅದು ಆಸ್ಪತ್ರೆಯದೇ ಕಟ್ಟಡದಲ್ಲಿದ್ದ, ಮನೆಬಳಕೆಯ ಬಗೆಯ ಒಂದು ವಾಷಿಂಗ್ ಮೆಷಿನ್. ಶಿಶುಗಳ ಹೆಣೆದ ಟೋಪಿ, ಕಾಲುಚೀಲಗಳನ್ನು ಕಡಿಮೆ ಬಿಸಿಯಲ್ಲಿ ಅದರಲ್ಲಿ ಒಗೆಯಲಾಗುತ್ತಿತ್ತು. ಅದೃಷ್ಟಕ್ಕೆ ಯಾವ ಮಗುವಿಗೂ ಅಪಾಯದ ಸೋಂಕಾಗಲಿಲ್ಲ. ಯಂತ್ರವನ್ನು ತೆಗೆದ ಮೇಲೆ ಅದು ನಿಂತಿತು. ಅಲ್ಲಿ ಗುತ್ತಿಗೆದಾರನಿರಲಿಲ್ಲ. ನೋಡುವ ಕಣ್ಣೂ ಇರಲಿಲ್ಲ. ಯಾರು ಒಗೆಯುತ್ತಾರೆ ಎಂಬುದಕ್ಕಿಂತ ಒಗೆಯುವುದನ್ನು ಯಾರು ನೋಡುತ್ತಾರೆ ಎಂಬುದೇ ದೊಡ್ಡದು. ಗುತ್ತಿಗೆಯಿಂದ ಆಗುವ ವ್ಯತ್ಯಾಸವಿಷ್ಟೇ: ಒಗೆಯುವ ಜಾಗ ಆಸ್ಪತ್ರೆಯ ಗೋಡೆಯಿಂದಾಚೆಗೆ ಹೋಗುತ್ತದೆ, ಜೊತೆಗೆ ಅದನ್ನು ಬಲ್ಲ ಹಳೆಯ ನೌಕರರೂ ಹೋಗುತ್ತಾರೆ. ಐದಾರು ವರ್ಷ ಕಳೆದರೆ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವುದೆಂದರೇನು ಎಂದು ತಿಳಿದವರೇ ಉಳಿದಿರುವುದಿಲ್ಲ. ತನಗೆ ತಿಳಿಯದ ಕೆಲಸದ ಮೇಲ್ವಿಚಾರಣೆಯನ್ನು ಯಾವ ಅಧಿಕಾರಿ ತಾನೇ ಮಾಡಿಯಾನು?

ನಾಲ್ಕು ಬೆರಳು, ಒಂದು ಮುಷ್ಟಿ

ಬಟ್ಟೆ ಶುದ್ಧವಾಗಲು ನಾಲ್ಕು ಸಂಗತಿ ಕೂಡಬೇಕು: ಬಿಸಿ, ಹೊತ್ತು, ರಾಸಾಯನಿಕ, ಕುಲುಕಾಟ. 1959ರಲ್ಲಿ ಜರ್ಮನಿಯ ಹರ್ಬರ್ಟ್ ಸಿನ್ನರ್ ಇದನ್ನು ಒಂದು ವೃತ್ತವಾಗಿ ಬರೆದು ತೋರಿಸಿದರು. ಇವತ್ತಿಗೂ ಈ ಉದ್ಯಮದ ಪಾಠ ಆ ವೃತ್ತದಿಂದಲೇ ಶುರುವಾಗುತ್ತದೆ. ಒಂದನ್ನು ಕಡಿಮೆ ಮಾಡಿದರೆ ಇನ್ನೊಂದನ್ನು ಹೆಚ್ಚಿಸಬೇಕು. ಬಿಸಿ ಕಡಿಮೆಯಾದರೆ ರಾಸಾಯನಿಕ ಅಥವಾ ಹೊತ್ತು ಹೆಚ್ಚಬೇಕು.

ಇಂಗ್ಲೆಂಡಿನ ಆರೋಗ್ಯ ಸೇವೆ ತನ್ನ ಆಸ್ಪತ್ರೆ ಬಟ್ಟೆಗೆ ಇಟ್ಟಿರುವ ಅಳತೆ ಎಚ್‌ಟಿಎಂ 01-04 ಎಂಬ ಕೈಪಿಡಿಯಲ್ಲಿದೆ: 65 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕನಿಷ್ಠ 10 ನಿಮಿಷ, ಇಲ್ಲವೇ 71 ಡಿಗ್ರಿಯಲ್ಲಿ ಕನಿಷ್ಠ 3 ನಿಮಿಷ. ಇದರ ಮೇಲೆ, ಬಿಸಿ ಬಟ್ಟೆಯ ರಾಶಿಯೊಳಗೆಲ್ಲ ಇಳಿಯಲು 8 ನಿಮಿಷದವರೆಗೆ ಹೆಚ್ಚುವರಿ ಹೊತ್ತು. ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಮಾರ್ಗಸೂಚಿ 71 ಡಿಗ್ರಿಯಲ್ಲಿ 25 ನಿಮಿಷ ಎನ್ನುತ್ತದೆ. ಕಡಿಮೆ ಬಿಸಿಯಲ್ಲಿ ಒಗೆಯುವುದಾದರೆ ಅದಕ್ಕೆ ತಕ್ಕ ರಾಸಾಯನಿಕ ಬೇಕೆನ್ನುತ್ತದೆ. ಅಂಕಿಗಳು ಬೇರೆಯಾದರೂ ಇಬ್ಬರೂ ಬಿಸಿ ಮತ್ತು ಹೊತ್ತನ್ನು ಒಟ್ಟಿಗೆ ಕಟ್ಟಿದ್ದಾರೆ. ಆ ಬಿಸಿ ಬಟ್ಟೆಯನ್ನು ಮುಟ್ಟಬೇಕು, ಬಾಯ್ಲರನ್ನಲ್ಲ. ಬಾಯ್ಲರಿನ ಮುಳ್ಳು 80 ತೋರಿಸುತ್ತಿರಬಹುದು, ಯಂತ್ರದ ನಡುವೆ ಮುದುಡಿ ಕೂತ ಕಂಬಳಿಯ ಒಳಮಡಿಕೆ 50ರಲ್ಲಿಯೇ ಇರಬಹುದು. ತಪಾಸಣೆಗೆ ಹೋದವರು ಬಾಯ್ಲರಿನ ಮುಳ್ಳನ್ನು ಬರೆದುಕೊಂಡು ಬಂದರೆ ಅವರು ಏನನ್ನೂ ಬರೆದುಕೊಂಡು ಬಂದಂತಾಗಲಿಲ್ಲ.

ಈಗ ಗುತ್ತಿಗೆದಾರನ ಜಾಗದಲ್ಲಿ ನಿಂತು ನೋಡಿ. ಈ ನಾಲ್ಕರಲ್ಲಿ ಪ್ರತಿಯೊಂದಕ್ಕೂ ಖರ್ಚಿದೆ. ನೀರನ್ನು ಹತ್ತು ಡಿಗ್ರಿ ಹೆಚ್ಚು ಕಾಯಿಸಲು ಇಂಧನ ಬೇಕು. ಹತ್ತು ನಿಮಿಷ ಹೆಚ್ಚು ಓಡಿಸಿದರೆ ದಿನಕ್ಕೆ ಎರಡು ಸುತ್ತು ಕಡಿಮೆಯಾಗುತ್ತದೆ. ಸೋಂಕುನಾಶಕದ ಕ್ಯಾನಿಗೆ ದುಡ್ಡು. ಕುಲುಕಾಟಕ್ಕೆ ಜಾಗ ಬೇಕು, ಅಂದರೆ ಯಂತ್ರವನ್ನು ಕಂಠಪೂರ್ತಿ ತುಂಬುವಂತಿಲ್ಲ. ಯಾವುದನ್ನು ಕಡಿತ ಮಾಡಿದರೂ ಆ ಸಂಜೆಯ ಬಟ್ಟೆ ಬೆಳ್ಳಗೇ ಕಾಣುತ್ತದೆ, ಏಕೆಂದರೆ ಬಿಳುಪು ತರಲು ಬ್ಲೀಚು, ನೀಲಿ ಹೊಳಪಿನ ಪುಡಿ ಸಾಕು. ಸೂಕ್ಷ್ಮಾಣು ಸಾಯುವುದಕ್ಕೂ ಕಲೆ ಹೋಗುವುದಕ್ಕೂ ನೇರ ಸಂಬಂಧವಿಲ್ಲ. ಎಷ್ಟೋ ಸಲ ಅದು ತಿರುಗುಮುರುಗು ಕೂಡ: ಅಯೋಡಿನ್ ಕಲೆ ಉಳಿದ, ಹಳದಿಯಾದ ಹಾಸು ಚೆನ್ನಾಗಿ ಬೆಂದು ಬಂದಿರಬಹುದು, ಹಾಲಿನಂಥ ಹಾಸು ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ ಎತ್ತಿದ್ದಿರಬಹುದು. ಕರಾರಿನಲ್ಲಿ "ಬಟ್ಟೆ ಕಲೆರಹಿತವಾಗಿರತಕ್ಕದ್ದು" ಎಂದಷ್ಟೇ ಬರೆದಿದ್ದರೆ, ಆ ಕರಾರು ಗುತ್ತಿಗೆದಾರನನ್ನು ಎರಡನೆಯ ದಾರಿಗೇ ತಳ್ಳುತ್ತದೆ.

ಬಿಸಿಯೊಂದೇ ಸಾಕೆಂದೂ ತಿಳಿಯಬಾರದು. ಜಪಾನಿನ ಒಂದು ಬೋಧನಾ ಆಸ್ಪತ್ರೆಯಲ್ಲಿ 2006ರಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದಿಂದ ರಕ್ತದ ಸೋಂಕು ಹೆಚ್ಚಿದಾಗ, ಟವೆಲ್ ಮತ್ತು ಹಾಸುಗಳಲ್ಲಿ ಮಾತ್ರವಲ್ಲ, ಒಗೆಯುವ ಯಂತ್ರದ ಒಳಗೂ ಅದು ಮನೆ ಮಾಡಿಕೊಂಡಿದ್ದು ಕಂಡುಬಂತು. ಈ ಜೀವಿ ಕಷ್ಟ ಬಂದಾಗ ಗಟ್ಟಿ ಕವಚದ ಬೀಜಕಣವಾಗುತ್ತದೆ. 71 ಡಿಗ್ರಿ ಅದಕ್ಕೆ ಲೆಕ್ಕವೇ ಅಲ್ಲ. ಅದನ್ನು ಓಡಿಸುವುದು ಧಾರಾಳ ನೀರಿನಲ್ಲಿ ಜಾಲಿಸುವುದರಿಂದ, ಯಂತ್ರವನ್ನೇ ತೊಳೆಯುವುದರಿಂದ, ಬಟ್ಟೆಯನ್ನು ಪೂರ್ತಿ ಒಣಗಿಸುವುದರಿಂದ. ನೀರು ಉಳಿಸಲು ಹಿಂದಿನ ಸುತ್ತಿನ ಜಾಲಿಸಿದ ನೀರನ್ನೇ ಮುಂದಿನ ಸುತ್ತಿನ ತೊಳೆತಕ್ಕೆ ಬಳಸುವ ಪದ್ಧತಿ ದೊಡ್ಡ ಲಾಂಡ್ರಿಗಳಲ್ಲಿದೆ. ಸರಿಯಾಗಿ ಮಾಡಿದರೆ ಅದು ಒಳ್ಳೆಯದೇ. ಆದರೆ ಆ ತೊಟ್ಟಿ ರಾತ್ರಿಯಿಡೀ ಬೆಚ್ಚಗೆ ನಿಂತಿದ್ದರೆ ಬೆಳಿಗ್ಗೆ ಅದರಲ್ಲಿ ಏನಿರುತ್ತದೆ ಎಂದು ಕೇಳುವ ತಪಾಸಣಾ ನಮೂನೆ ಎಷ್ಟಿವೆ?

ಒಗೆತ ಮುಗಿದ ಮೇಲಿನ ಕಥೆ ಇನ್ನೂ ದೊಡ್ಡದು. ಒಳ್ಳೆಯ ಆಸ್ಪತ್ರೆ ಲಾಂಡ್ರಿಯಲ್ಲಿ ಯಂತ್ರವೇ ಒಂದು ಗೋಡೆಯ ನಡುವೆ ಕೂತಿರುತ್ತದೆ. ಮಾಸಿದ ಬಟ್ಟೆಯನ್ನು ಒಂದು ಕಡೆಯ ಬಾಗಿಲಿನಿಂದ ತುಂಬುತ್ತಾರೆ, ಒಗೆದದ್ದನ್ನು ಗೋಡೆಯ ಆಚೆಯ ಬಾಗಿಲಿನಿಂದ ತೆಗೆಯುತ್ತಾರೆ. ಎರಡು ಕಡೆಯ ನೌಕರರು, ಗಾಳಿ, ತಳ್ಳುಗಾಡಿ ಎಲ್ಲವೂ ಬೇರೆ. ಗೋಡೆಯಿಲ್ಲದ ಕಡೆ, ಮಾಸಿದ ಮೂಟೆ ಬಿಚ್ಚಿದ ಕೈಯೇ ಒಗೆದ ಹಾಸನ್ನು ಮಡಚುತ್ತದೆ. ಬೆಳಿಗ್ಗೆ ಮಾಸಿದ್ದನ್ನು ಒಯ್ದ ವ್ಯಾನೇ ಸಂಜೆ ಒಗೆದದ್ದನ್ನು ತರುತ್ತದೆ. ಆಸ್ಪತ್ರೆಯ ಹಿಂಬಾಗಿಲಿನಲ್ಲಿ ಕಸದ ಗಾಡಿ ನಿಲ್ಲುವ ಜಾಗದಲ್ಲೇ ಬಟ್ಟೆಯ ಗಾಡಿಯೂ ನಿಲ್ಲುತ್ತದೆ. ಯುರೋಪಿನ ಇಎನ್ 14065 ಮಾನದಂಡ ಹೇಳುವುದೇ ಇದನ್ನು: ಕೊನೆಯಲ್ಲಿ ಬಂದ ಬಟ್ಟೆಯನ್ನು ಪರೀಕ್ಷಿಸಿ ಸುಮ್ಮನಾಗಬೇಡಿ, ದಾರಿಯ ಯಾವ ಯಾವ ತಿರುವಿನಲ್ಲಿ ಕೊಳೆ ಮತ್ತೆ ಸೇರಬಹುದೋ ಆ ತಿರುವುಗಳನ್ನು ಗುರುತಿಸಿ, ಅಲ್ಲಿ ಕಾವಲು ಹಾಕಿ, ಬರೆದಿಡಿ.

ದುಡ್ಡು ಹೇಗೆ ಕೊಡುತ್ತೀರಿ ಎಂಬುದೇ ನಿಜವಾದ ಕರಾರು

ಟೆಂಡರ್ ದಾಖಲೆಯಲ್ಲಿ ನೂರು ಷರತ್ತು ಬರೆಯಬಹುದು. ಗುತ್ತಿಗೆದಾರ ಓದುವುದು ಒಂದನ್ನೇ: ಹಣ ಯಾವ ಲೆಕ್ಕದಲ್ಲಿ ಬರುತ್ತದೆ? ಇದು ಅವರ ಮೇಲಿನ ಆರೋಪವಲ್ಲ. ನಷ್ಟದಲ್ಲಿ ಯಾರೂ ಕೆಲಸ ಮಾಡಲಾರರು.

ಕಿಲೋ ಲೆಕ್ಕವನ್ನು ತೆಗೆದುಕೊಳ್ಳಿ. ಹಲವು ಕಡೆ ಚಾಲ್ತಿಯಲ್ಲಿರುವುದು ಇದೇ. ತೂಕ ಮಾಡುವುದು ಯಾವಾಗ? ಮಾಸಿದ ಬಟ್ಟೆಯನ್ನು ಒಯ್ಯುವಾಗ ತೂಗಿದರೆ ಅದರಲ್ಲಿರುವ ರಕ್ತ, ಮೂತ್ರ, ನೀರು ಎಲ್ಲಕ್ಕೂ ಸರ್ಕಾರ ದುಡ್ಡು ಕೊಟ್ಟಂತೆ. ಹಾಗಾಗಬಾರದೆಂದು ಒಗೆದು ತಂದ ಬಟ್ಟೆಯನ್ನು ತೂಗುವ ನಿಯಮ ಮಾಡುತ್ತಾರೆ. ಈ ಎರಡನೆಯದು ನ್ಯಾಯವಾಗಿ ಕಾಣುತ್ತದೆ. ಆದರೆ ಅದರೊಳಗೊಂದು ಅಪಾಯ ಅಡಗಿದೆ. ಅರೆ ಒಣಗಿದ ಬಟ್ಟೆ ಹೆಚ್ಚು ತೂಗುತ್ತದೆ. ಒಣಗಿಸಲು ಇಂಧನ ಉಳಿಯಿತು, ತೂಕವೂ ಏರಿತು. ಹಾಂಗ್‌ಕಾಂಗ್‌ನಲ್ಲಿ ಬೂಷ್ಟಿಗೆ ಬೇಕಾಗಿದ್ದುದು ಇದೇ ತೇವ. ಲೆಕ್ಕಪತ್ರದ ದೃಷ್ಟಿಯಿಂದ ಸರಿಯಾದ ನಿಯಮವೊಂದು ರೋಗಿಯ ದೃಷ್ಟಿಯಿಂದ ಹೇಗೆ ಕೇಡಾಗಬಲ್ಲದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಸಿಕ್ಕಿಲ್ಲ. ಪರಿಹಾರ ಕಷ್ಟದ್ದೇನಲ್ಲ: ತೂಕದ ಜೊತೆಗೆ ತೇವ ಅಳೆಯುವ ಕೈಯಳತೆಯ ಉಪಕರಣವೊಂದನ್ನು ಸ್ಟೋರಿನ ಬಾಗಿಲಲ್ಲಿಡಬೇಕು, ಮಿತಿ ಮೀರಿದ ಕಟ್ಟನ್ನು ತೂಕಕ್ಕೆ ಹಾಕದೆ ವಾಪಸು ಕಳಿಸಬೇಕು. ಇಷ್ಟನ್ನು ಕರಾರಿನಲ್ಲಿ ಬರೆಯಲು ಒಂದು ಸಾಲು ಸಾಕು.

ಬಿಡಿ ಲೆಕ್ಕದಲ್ಲಿ ಬೇರೆ ತೊಡಕು. ಎಲ್ಲಕ್ಕೂ ಒಂದೇ ದರವಾದರೆ ದಿಂಬಿನ ಕವರು ದಿನಾ ಒಗೆತ ಕಾಣುತ್ತದೆ, ಕಂಬಳಿ ತಿಂಗಳುಗಟ್ಟಲೆ ಹಾಗೇ ಉಳಿಯುತ್ತದೆ. ಮತ್ತೊಂದು ಪ್ರಶ್ನೆ ಯಾರೂ ಕೇಳದಿರುವಂಥದ್ದು: ಸರಿಯಾಗಿ ಒಗೆಯದ ಹಾಸನ್ನು ವಾರ್ಡಿನವರು ವಾಪಸು ಕಳಿಸಿದರೆ, ಅದು ಎರಡನೆಯ ಸಲ ಬಂದಾಗ ಹೊಸ ಎಣಿಕೆಯಾಗುತ್ತದೆಯೇ? ಆಗುವುದಾದರೆ ಗುತ್ತಿಗೆದಾರ ತನ್ನ ತಪ್ಪಿಗೆ ತಾನೇ ಕೂಲಿ ಪಡೆದಂತೆ. ವಾಪಸಾದ ಬಟ್ಟೆಯನ್ನು ಬೇರೆ ಬಣ್ಣದ ಚೀಲದಲ್ಲಿ, ಬೇರೆ ವಹಿಯಲ್ಲಿ ಕಳಿಸದ ಹೊರತು ಇದನ್ನು ಹಿಡಿಯಲಾಗದು. ಇನ್ನು ಭರ್ತಿಯಾದ ಹಾಸಿಗೆಗೆ ದಿನಕ್ಕಿಷ್ಟು ಎಂಬ ಲೆಕ್ಕ. ಇದರಲ್ಲಿ ಗುತ್ತಿಗೆದಾರನಿಗೆ ಲಾಭ ಇರುವುದು ಬಟ್ಟೆ ಬದಲಾಗದಿದ್ದರೆ. ವಾರ್ಡಿನಲ್ಲಿ "ಸ್ಟಾಕ್ ಬಂದಿಲ್ಲ" ಎಂಬ ಉತ್ತರ ಮಾಮೂಲಾಗಿ, ಕೊನೆಗೆ ರೋಗಿಯ ಕಡೆಯವರು ಮನೆಯಿಂದಲೇ ಹೊದಿಕೆ ತರುತ್ತಾರೆ.

ಬಟ್ಟೆ ಯಾರದ್ದು ಎಂಬುದೂ ಮುಖ್ಯ. ಆಸ್ಪತ್ರೆಯ ಸ್ವತ್ತಾದರೆ ಗುತ್ತಿಗೆದಾರನಿಗೆ ಅದು ಹರಿಯುವ ಚಿಂತೆಯಿಲ್ಲ. ಬಿಳುಪಿಗಾಗಿ ಕ್ಲೋರಿನ್ ಸುರಿಯುತ್ತಾನೆ, ಆರು ತಿಂಗಳಿಗೆ ಹಾಸು ಜರಡಿಯಾಗುತ್ತದೆ. ಗುತ್ತಿಗೆದಾರನೇ ಬಟ್ಟೆ ಒದಗಿಸಿ ಬಾಡಿಗೆ ಪಡೆಯುವ ಪದ್ಧತಿಯಾದರೆ ಅವನಿಗೆ ಬಟ್ಟೆ ಬಾಳಬೇಕು. ಬಿಸಿಯನ್ನೂ ರಾಸಾಯನಿಕವನ್ನೂ ಮೆದುವಾಗಿಸುವ ಆಸೆ ಹುಟ್ಟುತ್ತದೆ. ನನ್ನ ಅಭಿಪ್ರಾಯದಲ್ಲಿ ಬಟ್ಟೆ ಆಸ್ಪತ್ರೆಯದ್ದೇ ಆಗಿರಬೇಕು. ಕಾರಣ ಒಗೆತದ ಗುಣಮಟ್ಟಕ್ಕಿಂತ ಹೆಚ್ಚಾಗಿ ಬಲದ ಪ್ರಶ್ನೆ. ಪ್ರತಿ ಹಾಸಿಗೆಗೆ ಒಂದು ಜೊತೆ ಹಾಸಿಗೆಯ ಮೇಲೆ, ಒಂದು ಒಗೆತದಲ್ಲಿ, ಒಂದು ದಾರಿಯಲ್ಲಿ, ಒಂದು ಕಪಾಟಿನಲ್ಲಿ, ಇನ್ನೊಂದೆರಡು ತುರ್ತಿಗೆ ಎಂದು ಐದಾರು ಜೊತೆಯಾದರೂ ಇರಬೇಕು. ಎರಡೇ ಜೊತೆಯಿರುವ ಆಸ್ಪತ್ರೆ ಗುತ್ತಿಗೆದಾರನ ಮೇಲೆ ದಂಡ ಹಾಕಲಾರದು. ಅವನು ಒಂದು ದಿನ ವ್ಯಾನು ಕಳಿಸದಿದ್ದರೆ ಶಸ್ತ್ರಚಿಕಿತ್ಸೆಗಳೇ ನಿಲ್ಲುತ್ತವೆ. ದಂಡದ ಷರತ್ತು ಕಾಗದದಲ್ಲಿ ಉಳಿದುಹೋಗುವುದು ಅಧಿಕಾರಿಗೆ ಧೈರ್ಯ ಇಲ್ಲದ್ದರಿಂದಲೇ ಅಲ್ಲ, ಕಪಾಟಿನಲ್ಲಿ ಹಾಸು ಇಲ್ಲದ್ದರಿಂದ.

ಅತಿ ಕಡಿಮೆ ದರದ ಬಗ್ಗೆ ಒಂದು ಮಾತು. ಒಂದು ಕಿಲೋ ಬಟ್ಟೆಗೆ ಎಷ್ಟು ನೀರು, ಅದನ್ನು 71 ಡಿಗ್ರಿಗೆ ಏರಿಸಲು ಎಷ್ಟು ಇಂಧನ, ಒಣಗಿಸಲು ಎಷ್ಟು, ಕನಿಷ್ಠ ಕೂಲಿಯಲ್ಲಿ ಎಷ್ಟು ಕೈ, ಎಷ್ಟು ದೂರದ ಸಾಗಣೆ ಎಂಬುದನ್ನು ಒಬ್ಬ ಎಂಜಿನಿಯರ್ ಒಂದು ಮಧ್ಯಾಹ್ನದಲ್ಲಿ ಲೆಕ್ಕ ಹಾಕಬಲ್ಲ. ಟೆಂಡರ್ ಕರೆಯುವ ಮುನ್ನ ಸರ್ಕಾರವೇ ಈ ಲೆಕ್ಕ ಹಾಕಿಟ್ಟುಕೊಳ್ಳಬೇಕು. ಬಂದ ದರ ಅದಕ್ಕಿಂತ ಕೆಳಗಿದ್ದರೆ ನಾಲ್ಕರಲ್ಲಿ ಯಾವುದೋ ಒಂದು ಬಿಟ್ಟುಹೋಗುತ್ತದೆ ಎಂದೇ ಅರ್ಥ. ಅಂಥ ದರವನ್ನು ಒಪ್ಪಿ ಉಳಿತಾಯ ತೋರಿಸಿದವರು, ಆಮೇಲೆ ಬೂಷ್ಟು ಬಂದಾಗ ಗುತ್ತಿಗೆದಾರನೊಬ್ಬನ ಕಡೆಗೆ ಕೈ ತೋರಿಸುವುದು ಸರಿಯಲ್ಲ.

ಕಂಡವರ ಕೈಯಲ್ಲಿ ಪೆನ್ನಿಲ್ಲ

ಬಟ್ಟೆಯನ್ನು ದಿನವೂ ಕಾಣುವವರು ವಾರ್ಡಿನ ನರ್ಸ್, ಹಾಸಿಗೆ ಬದಲಿಸುವ ಸಹಾಯಕಿ, ಮತ್ತು ಅದರ ಮೇಲೆ ಮಲಗುವ ರೋಗಿ. ಬಿಲ್ಲಿಗೆ ಸಹಿ ಹಾಕುವವರು ಕಚೇರಿಯಲ್ಲಿದ್ದಾರೆ. ಮೊದಲನೆಯವರಿಗೆ ಹಾಸು ಒದ್ದೆಯಾಗಿದೆ, ಮುಗ್ಗಲು ನಾತ ಹೊಡೆಯುತ್ತಿದೆ, ಕೂದಲು ಅಂಟಿದೆ ಎಂದು ಗೊತ್ತು. ಅವರ ಮಾತು ಬಿಲ್ಲಿನವರೆಗೆ ಹೋಗುವ ದಾರಿಯಿಲ್ಲ. ಎರಡನೆಯವರಿಗೆ ಬಿಲ್ಲು ಕಾಣುತ್ತದೆ, ಹಾಸು ಕಾಣುವುದಿಲ್ಲ. ನಡುವೆ ಒಂದು ನಮೂನೆ ಇರುತ್ತದೆ, ತಿಂಗಳ ಕೊನೆಯಲ್ಲಿ "ಸೇವೆ ತೃಪ್ತಿಕರ" ಎಂದು ಬರೆಸಿಕೊಳ್ಳುವುದು. ಮೂವತ್ತು ರೋಗಿಗಳನ್ನು ನೋಡಿಕೊಳ್ಳುತ್ತಿರುವ ನರ್ಸ್‌ಗೆ ಅದು ನೂರೊಂದನೆಯ ಸಹಿ. ಅವರನ್ನು ದೂರಬೇಡಿ. ಆ ಸಹಿಯ ಜಾಗದಲ್ಲಿ ಒಂದು ಅಂಕಿ ಕೇಳಿ: ಈ ದಿನ ಎಷ್ಟು ಹಾಸು ಬಂದವು, ಅದರಲ್ಲಿ ಎಷ್ಟನ್ನು ವಾಪಸು ಕಳಿಸಿದಿರಿ? ವಾರ್ಡುವಾರು ಆ ಅಂಕಿ ಬಿಲ್ಲಿಗೆ ತಾನಾಗಿಯೇ ಸೇರಬೇಕು, ಮೊತ್ತ ಅಷ್ಟರಮಟ್ಟಿಗೆ ತಾನಾಗಿಯೇ ಇಳಿಯಬೇಕು. ದಂಡ ಹಾಕಲು ಯಾರದೋ ತೀರ್ಮಾನ ಬೇಕೆಂದಾದರೆ ದಂಡ ಬೀಳುವುದಿಲ್ಲ.

ಸೂಕ್ಷ್ಮಾಣು ಪರೀಕ್ಷೆಯ ಸ್ಥಿತಿಯೂ ಹೀಗೆಯೇ. ಬಹಳಷ್ಟು ಕರಾರುಗಳಲ್ಲಿ ಮಾದರಿ ತೆಗೆಸಿ ವರದಿ ಒಪ್ಪಿಸುವ ಹೊಣೆ ಗುತ್ತಿಗೆದಾರನದ್ದೇ. ಮಾದರಿ ಯಾವುದು, ಯಾವ ದಿನ, ಯಾವ ಕಟ್ಟಿನಿಂದ ಎಂಬುದನ್ನು ಅವನೇ ಆರಿಸುತ್ತಾನೆ. ಬೇಲಿಯ ಕೈಗೇ ಹೊಲದ ಲೆಕ್ಕ ಕೊಟ್ಟ ಹಾಗೆ. ಮಾದರಿ ತೆಗೆಯಬೇಕಾದವರು ಆಸ್ಪತ್ರೆಯ ಸೋಂಕು ನಿಯಂತ್ರಣ ಸಮಿತಿಯವರು, ಅದೂ ವಾರ್ಡಿನ ಕಪಾಟಿನಿಂದ, ಹೇಳದೆ ಕೇಳದೆ. ಆದರೆ ಪರೀಕ್ಷೆಯನ್ನೇ ನಂಬಿ ಕೂರುವುದೂ ತಪ್ಪು. ದಿನಕ್ಕೆ ಸಾವಿರಾರು ಹಾಸು ಬರುವಲ್ಲಿ ತಿಂಗಳಿಗೆ ಹತ್ತು ಮಾದರಿ ಏನು ಹೇಳಬಲ್ಲದು? ಯಂತ್ರದ ದಾಖಲೆ ಹೆಚ್ಚು ಹೇಳುತ್ತದೆ. ಇಂದಿನ ದೊಡ್ಡ ಯಂತ್ರಗಳು ಪ್ರತಿ ಸುತ್ತಿನ ಬಿಸಿ, ಹೊತ್ತು, ರಾಸಾಯನಿಕದ ಪ್ರಮಾಣವನ್ನು ತಾವೇ ಬರೆದಿಟ್ಟುಕೊಳ್ಳುತ್ತವೆ. ಹಳೆಯ ಯಂತ್ರವಾದರೆ ಬಟ್ಟೆಯ ನಡುವೆ ಹಾಕಿಬಿಡುವ ಪುಟ್ಟ ತಾಪ ದಾಖಲಿಸುವ ಗುಂಡಿಗಳಿವೆ. ಈ ದಾಖಲೆ ಬಿಲ್ಲಿನ ಜೊತೆ ಬರಬೇಕೆಂದು ಕರಾರಿನಲ್ಲಿ ಬರೆದರೆ, ಕಾಯದ ನೀರಿಗೆ ದುಡ್ಡು ಹೋಗುವುದು ನಿಲ್ಲುತ್ತದೆ. ತಾಳೆ ನೋಡಲು ಇನ್ನೂ ಸರಳ ದಾರಿಯಿದೆ: ಲಾಂಡ್ರಿಯ ಇಂಧನ, ನೀರು, ಸೋಂಕುನಾಶಕ ಖರೀದಿಯ ಬಿಲ್ಲುಗಳನ್ನು ತರಿಸಿಕೊಂಡು ಒಗೆದ ಕಿಲೋಗಳ ಪಕ್ಕದಲ್ಲಿಟ್ಟು ನೋಡುವುದು. ನೂರು ಟನ್ ಒಗೆದವನು ಐವತ್ತು ಟನ್ನಿನ ಇಂಧನ ಕೊಂಡಿದ್ದರೆ, ಪ್ರಯೋಗಾಲಯ ಬೇಕಾಗುವುದಿಲ್ಲ.

ಕೆಲವು ಸರ್ಕಾರಿ ಆಸ್ಪತ್ರೆಗಳು ವಾರದ ಒಂದೊಂದು ದಿನಕ್ಕೆ ಒಂದೊಂದು ಬಣ್ಣದ ಹಾಸು ಎಂಬ ಪದ್ಧತಿ ತಂದಿವೆ. ನನಗೆ ಇದು ಇಷ್ಟ, ಏಕೆಂದರೆ ಇಲ್ಲಿ ಮೇಲ್ವಿಚಾರಕ ರೋಗಿಯೇ; ಓದು ಬರಹ ಬರದವರಿಗೂ ನಿನ್ನೆಯ ಬಣ್ಣ ಇವತ್ತೂ ಇದೆಯೆಂದು ತಿಳಿಯುತ್ತದೆ. ಆದರೆ ಇದು ಹಾಸು ಬದಲಾಯಿತೆಂದು ಹೇಳುತ್ತದೆಯೇ ಹೊರತು ಬೆಂದು ಬಂತೆಂದು ಹೇಳುವುದಿಲ್ಲ. ಬಣ್ಣ ಮಾಸಬಾರದೆಂದು ಕ್ಲೋರಿನ್ನನ್ನೂ ಬಿಸಿಯನ್ನೂ ಕಡಿಮೆ ಮಾಡುವ ಒತ್ತಡವೂ ಹುಟ್ಟುತ್ತದೆ. ಬಣ್ಣ ಗಟ್ಟಿಯಿರುವ ಬಟ್ಟೆ ಕೊಳ್ಳದೆ ಈ ಯೋಜನೆ ತಂದರೆ ಒಂದು ಕಡೆ ಗಳಿಸಿದ್ದನ್ನು ಇನ್ನೊಂದು ಕಡೆ ಕಳೆದುಕೊಳ್ಳುತ್ತೇವೆ.

ಮೂಟೆ ಬಿಚ್ಚುವ ಕೈಗಳು

ಮೇಲ್ವಿಚಾರಣೆಯ ನಮೂನೆಗಳಲ್ಲಿ ಕಾಣದ ಇನ್ನೊಬ್ಬರಿದ್ದಾರೆ. 2018ರಲ್ಲಿ ಇಂಗ್ಲೆಂಡಿನಲ್ಲಿ ಆಸ್ಪತ್ರೆಯ ಸಿಬ್ಬಂದಿಯೊಬ್ಬರಿಗೆ ಮಂಕಿಪಾಕ್ಸ್ ತಗುಲಿತು. ರೋಗ ಏನೆಂದು ತಿಳಿಯುವ ಮೊದಲು ರೋಗಿಯ ಹಾಸಿಗೆ ಬಟ್ಟೆ ಬದಲಿಸಿದ್ದೇ ಕಾರಣವಿರಬೇಕೆಂದು ತನಿಖೆ ಹೇಳಿತು. ಆಸ್ಪತ್ರೆಯ ಒಳಗೆ, ತರಬೇತಿ ಪಡೆದವರಿಗೇ ಹೀಗಾದರೆ, ಇಪ್ಪತ್ತು ಕಿಲೋಮೀಟರ್ ಆಚೆ ಮೂಟೆ ಬಿಚ್ಚುವ ದಿನಗೂಲಿಯವರ ಗತಿಯೇನು? ಅವರ ಕೈಗೆ ಮಾಸಿದ ಬಟ್ಟೆಯೊಳಗೆ ಸಿಗುವುದು ರಕ್ತ ಮಾತ್ರವಲ್ಲ. ಅವಸರದಲ್ಲಿ ಬಿಟ್ಟುಹೋದ ಸೂಜಿ, ಬ್ಲೇಡು, ಕತ್ತರಿ. ಇದು ಆಸ್ಪತ್ರೆಯ ತಪ್ಪು, ಗುತ್ತಿಗೆದಾರನದ್ದಲ್ಲ. ಯಾವ ವಾರ್ಡಿನ ಮೂಟೆಯಲ್ಲಿ ಎಷ್ಟು ಸೂಜಿ ಸಿಕ್ಕಿತು ಎಂದು ಲಾಂಡ್ರಿಯಿಂದ ಆಸ್ಪತ್ರೆಗೆ ವಾಪಸು ವರದಿ ಬರುವ ವ್ಯವಸ್ಥೆ ಬೇಕು. ತಪಾಸಣೆ ಎಂದರೆ ಮೇಲಿನಿಂದ ಕೆಳಕ್ಕೆ ನೋಡುವುದು ಎಂದಷ್ಟೇ ತಿಳಿದವರಿಗೆ ಈ ಯೋಚನೆ ಹೊಳೆಯುವುದಿಲ್ಲ.

ಸೋಂಕಿನ ಬಟ್ಟೆಗೆಂದೇ ಬಿಸಿನೀರಿನಲ್ಲಿ ಕರಗುವ ಚೀಲಗಳಿವೆ. ಬಿಚ್ಚದೆ ಹಾಗೆಯೇ ಯಂತ್ರಕ್ಕೆ ಹಾಕಬಹುದು. ಅವನ್ನು ಯಾರು ಕೊಳ್ಳಬೇಕೆಂಬ ಜಗಳದಲ್ಲಿ, ಆಸ್ಪತ್ರೆಯೂ ಕೊಳ್ಳದೆ ಗುತ್ತಿಗೆದಾರನೂ ಕೊಳ್ಳದೆ, ಹಾಸಿನಲ್ಲಿಯೇ ಗಂಟು ಕಟ್ಟಿ ಕಳಿಸುವುದು ನಡೆಯುತ್ತದೆ. ಕೈಗವಸು, ಲಸಿಕೆ, ಕೂಲಿ ಚೀಟಿ ಇವನ್ನು ನೋಡುವುದು ಕಾರ್ಮಿಕ ಇಲಾಖೆಯ ಕೆಲಸ ಎಂದು ಆರೋಗ್ಯ ಇಲಾಖೆ ಹೇಳುತ್ತದೆ. ಆದರೆ ಆ ಶೆಡ್ಡಿನೊಳಗೆ ನಿಜವಾಗಿ ಏನು ನಡೆಯುತ್ತದೆಂದು ತಿಳಿದಿರುವವರು ಈ ಕೂಲಿಯವರೇ. ರಾತ್ರಿ ಬಾಯ್ಲರ್ ಆರಿಸುತ್ತಾರೋ ಇಲ್ಲವೋ, ಯಂತ್ರಕ್ಕೆ ಎಷ್ಟು ತುರುಕುತ್ತಾರೆ, ಅಧಿಕಾರಿ ಬರುವ ದಿನ ಮಾತ್ರ ಯಾವ ಕ್ಯಾನು ಹೊರಬರುತ್ತದೆ. ಮರುದಿನ ಕೆಲಸ ಹೋಗುವ ಭಯವಿರುವ ಮನುಷ್ಯ ಇದನ್ನೆಲ್ಲ ಹೇಳಲಾರ. ಅವರ ಉದ್ಯೋಗ ಭದ್ರವಾಗಿದ್ದರೆ ಸರ್ಕಾರಕ್ಕೆ ಪ್ರತಿ ಪಾಳಿಯಲ್ಲೂ ಒಬ್ಬ ಸಾಕ್ಷಿ ಸಿಕ್ಕಂತೆ.

ತಪಾಸಣೆಗೆ ಹೋಗುವವರು ಹಗಲು ಹನ್ನೊಂದಕ್ಕೆ, ಮೊದಲೇ ಪತ್ರ ಬರೆದು ಹೋಗುವುದನ್ನು ಬಿಡಬೇಕು. ರಾತ್ರಿ ಪಾಳಿಯಲ್ಲಿ, ಮಳೆಗಾಲದಲ್ಲಿ, ಸಾಲು ರಜೆಯ ಮರುದಿನ ಹೋಗಬೇಕು. ಒಗೆದ ಬಟ್ಟೆಯ ಕೋಣೆಯ ಸೂರಿನ ಮೂಲೆ ನೋಡಬೇಕು, ನಾರಿನ ದೂಳು ಅಲ್ಲಿ ತೂಗಾಡುತ್ತಿದ್ದರೆ ಕೆಳಗಿನ ಹಾಸಿನ ಮೇಲೂ ಅದೇ ಬಿದ್ದಿರುತ್ತದೆ. ವ್ಯಾನಿನ ನೆಲಕ್ಕೆ ಕೈಯಿಟ್ಟು ನೋಡಬೇಕು. ಚರಂಡಿಗೆ ಹೋಗುವ ನೀರು ಎಷ್ಟು ಬಿಸಿಯಿದೆ ನೋಡಬೇಕು. ತಣ್ಣಗಿದ್ದರೆ ಒಳಗಿನ ಕಥೆ ಅದೇ ಹೇಳುತ್ತದೆ. ಈ ತಂಡದಲ್ಲಿ ಲೆಕ್ಕಪತ್ರದವರ ಜೊತೆ ಒಬ್ಬ ಸೋಂಕು ನಿಯಂತ್ರಣ ನರ್ಸ್, ಒಬ್ಬ ಬಾಯ್ಲರ್ ಬಲ್ಲ ಮೆಕ್ಯಾನಿಕ್ ಇರಲಿ. ಲೆಕ್ಕಪರಿಶೋಧನೆಯವರು ತಮ್ಮ ಕೆಲಸ ಚೆನ್ನಾಗಿಯೇ ಮಾಡುತ್ತಾರೆ, ಆದರೆ ಅವರನ್ನು ನಾವು ಕಾಗದದ ಸತ್ಯ ನೋಡಲು ಕಳಿಸಿದ್ದೇವೆ, ಬಟ್ಟೆಯ ಸತ್ಯ ನೋಡಲು ಅಲ್ಲ.

ಆ ವರದಿಗಳು ಎಲ್ಲಿಗೆ ಹೋಗುತ್ತವೆ ಎಂಬುದು ಉಳಿಯಿತು. ತಪಾಸಣಾ ವರದಿ, ವಾರ್ಡುವಾರು ವಾಪಸಾದ ಹಾಸುಗಳ ಸಂಖ್ಯೆ, ಹಾಕಿದ ದಂಡ, ಇವುಗಳಲ್ಲಿ ಯಾವುದೂ ವ್ಯಾಪಾರದ ಗುಟ್ಟಲ್ಲ. ಆಸ್ಪತ್ರೆಯ ಗೋಡೆಯ ಮೇಲೆ ಪ್ರತಿ ತಿಂಗಳು ಅಂಟಿಸಬಹುದಾದ ಒಂದು ಹಾಳೆ. ನ್ಯೂ ಆರ್ಲಿಯನ್ಸ್‌ನ ಮಕ್ಕಳು ತೀರಿಕೊಂಡದ್ದು 2008 ಮತ್ತು 2009ರಲ್ಲಿ. ಹಾಸಿಗೆ ಬಟ್ಟೆಯ ಕಡೆಗೆ ಬೆರಳು ತೋರಿಸಿದ ಅಧ್ಯಯನ ವೈದ್ಯಕೀಯ ನಿಯತಕಾಲಿಕದಲ್ಲಿ ಅಚ್ಚಾಗಿ ಹೊರಜಗತ್ತಿಗೆ ತಿಳಿದದ್ದು 2014ರಲ್ಲಿ.